ತುಂಬು ನಾದಕ್ಕೆ ಮೊದಲು ಬದಲಾಗಬೇಕಾದದ್ದು ಪಿಕಪ್ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಎಲೆಕ್ಟ್ರಿಕ್ ಬೇಸ್ ಗಿಟಾರಿನ ನಾದವನ್ನು ತುಂಬಿಸಿಕೊಳ್ಳುವ ಬಗೆ ಕುರಿತ ಲೇಖನವನ್ನು ಎರಡು ಸಲ ಓದಿದೆ. ಸುಮಾರು 30 ವರ್ಷ ಬೆಂಗಳೂರಿನ ಗಣೇಶೋತ್ಸವ, ರಾಜ್ಯೋತ್ಸವ, ಮದುವೆಯ ಆರತಕ್ಷತೆಗಳ ವಾದ್ಯಗೋಷ್ಠಿಗಳಲ್ಲಿ ಈ ವಾದ್ಯವನ್ನೇ ನುಡಿಸಿದವನು ನಾನು. ಗಾಯಕರ ಬೆನ್ನ ಹಿಂದೆ, ಡ್ರಮ್ಸ್ ಪಕ್ಕದ ಅರೆಗತ್ತಲಲ್ಲಿ ನಿಲ್ಲುವ ಬೇಸ್ ಗಿಟಾರಿಗೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ನನಗೆ ಸಂತೋಷದ ಸಂಗತಿಯೇ. ಆದರೆ ನಾದ ತೆಳುವಾಗಿದ್ದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಬದಲಿಸಬೇಕು, ಜೊತೆಗೆ ಆ ದನಿಯನ್ನು ಗಿಟಾರಿನಲ್ಲಿಯೇ ಏರಿಸಿ ತಿದ್ದುವ ಪ್ರಿಆಂಪ್ ಕೂಡಿಸಬೇಕು ಎಂಬಲ್ಲಿಂದಲೇ ಆ ಲೇಖನ ಆರಂಭವಾಗಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುವುದು ಸರಿಕಾಣಲಿಲ್ಲ. ಅದನ್ನು ಓದಿದ ಸಂಜೆಯೇ ನನ್ನ ತಂಗಿಯ ಮಗ 16 ಸಾವಿರ ರೂಪಾಯಿಯ ತನ್ನ ಗಿಟಾರಿಗೆ 14 ಸಾವಿರ ರೂಪಾಯಿಯ ಪಿಕಪ್ ಜೋಡಿ ತರಿಸಲು ಹೊರಟದ್ದರಿಂದ ಈ ಪತ್ರ ಬರೆಯಬೇಕಾಯಿತು.

ತುಂಬು ನಾದವೆಂದರೆ ಏನೆಂಬುದನ್ನು ಲೇಖನ ‘ಹೆಚ್ಚು ಬೇಸ್’ ಎಂದಷ್ಟೇ ಹೇಳಿ ಮುಂದೆ ಹೋಗಿದೆ. ನಾಲ್ಕು ತಂತಿಯ ವಾದ್ಯದಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಎಲ್ಲಿಯೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ, ಅಂದರೆ 41 ಹರ್ಟ್ಸ್ ವೇಗದಲ್ಲಿ ಕಂಪಿಸುತ್ತದೆ. ಎ ತಂತಿ 55, ಡಿ ತಂತಿ 73, ಜಿ ತಂತಿ 98. ಆದರೆ ಕೆಳಗಿನ ಸ್ವರಗಳಲ್ಲಿ ನಮ್ಮ ಕಿವಿಗೆ ಹೆಚ್ಚಾಗಿ ಮುಟ್ಟುವುದು ಈ ಮೂಲ ಕಂಪನವಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಲ್ಲಿ ಅದೇ ತಂತಿಯಿಂದ ಹೊರಡುವ ಹಾರ್ಮೋನಿಕ್‌ಗಳು. ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳುವ 8 ಇಂಚು ಸ್ಪೀಕರಿನ ಆಂಪ್ಲಿಫೈಯರಿಗೆ 41 ಹರ್ಟ್ಸ್ ಹೊರಡಿಸುವ ಶಕ್ತಿ ಇಲ್ಲವೆಂದೇ ಹೇಳಬೇಕು. ಆದರೂ ಅದರಲ್ಲಿ ನಮಗೆ ಇ ಸ್ವರವೇ ಕೇಳುತ್ತದೆ, ಏಕೆಂದರೆ 82, 123, 164 ಹರ್ಟ್ಸ್‌ಗಳನ್ನು ಒಟ್ಟಿಗೆ ಕೇಳಿಸಿಕೊಂಡ ಮಿದುಳು ಅಲ್ಲಿಲ್ಲದ ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಹೀಗಾಗಿ ನಾದ ತುಂಬಿದೆ ಎಂದು ನಮಗೆ ಅನ್ನಿಸುವುದು ಮುಖ್ಯವಾಗಿ 80ರಿಂದ 250 ಹರ್ಟ್ಸ್ ನಡುವಿನ ಭಾಗ ಗಟ್ಟಿಯಾಗಿದ್ದಾಗ. ಅಲ್ಲಿ ಹುರುಳಿಲ್ಲದೆ ಬೇಸ್ ತಿರುಪನ್ನು ಕೊನೆಯವರೆಗೆ ತಿರುಗಿಸಿದರೆ ಸ್ಪೀಕರಿನ ಕೋನ್ ಅದುರುತ್ತದೆ, ಪೆಂಡಾಲಿನ ತಗಡು ಗಡಗಡ ಎನ್ನುತ್ತದೆ, ನುಡಿಸಿದ ಸ್ವರ ಯಾವುದೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಕಛೇರಿಗೆ ಮುನ್ನ ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುವವರು ಇದನ್ನು ಚೆನ್ನಾಗಿ ಬಲ್ಲರು. ಅಳತೆಯಲ್ಲಿ ಮೆತ್ತಿದರೆ ಗುಮ್ಮೆನ್ನುವ ನಾದ, ಅಳತೆ ಮೀರಿದರೆ ಸತ್ತ ದನಿ.

ಇಲ್ಲಿಂದ ನೋಡಿದರೆ ಮೊದಲು ಬದಲಾಗಬೇಕಾದದ್ದು ತಂತಿ. ಪಿಕಪ್ ಎಂಬುದು ಆಯಸ್ಕಾಂತಕ್ಕೆ ಸುತ್ತಿದ ತೆಳುವಾದ ತಾಮ್ರದ ತಂತಿಯ ಸುರುಳಿ. ಮೇಲೆ ಕಂಪಿಸುವ ಉಕ್ಕು ಏನನ್ನು ಕೊಡುತ್ತದೆಯೋ ಅದನ್ನಷ್ಟೇ ಅದು ವಿದ್ಯುತ್ತಾಗಿ ಮಾಡಬಲ್ಲದು. ಬೇಸ್ ತಂತಿಯಲ್ಲಿ ನಡುವೆ ಉಕ್ಕಿನ ಎಳೆಯಿದ್ದು ಅದರ ಮೇಲೆ ಬೇರೊಂದು ತಂತಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ. ಎರಡು ವರ್ಷ ನುಡಿಸಿದ ತಂತಿಯ ಸುತ್ತುಗಳ ಸಂದಿಯಲ್ಲಿ ಬೆವರು, ಧೂಳು, ತುಕ್ಕು ಸೇರಿ ತೂಕ ಎಲ್ಲೆಡೆ ಒಂದೇ ಸಮನಾಗಿ ಉಳಿಯುವುದಿಲ್ಲ, ಹಾರ್ಮೋನಿಕ್‌ಗಳು ಮೂಲ ಕಂಪನದೊಡನೆ ಹೊಂದಿ ನಿಲ್ಲುವುದಿಲ್ಲ. ಅಂತಹ ತಂತಿಯ ಮುಂದೆ ಎಷ್ಟು ದುಬಾರಿಯ ಪಿಕಪ್ ಇಟ್ಟರೂ ಅದು ಆ ಮಂಕನ್ನೇ ನಿಷ್ಠೆಯಿಂದ ಎತ್ತಿ ಕೊಡುತ್ತದೆ. ನನ್ನ ಸೋದರಳಿಯನ ಗಿಟಾರಿನಲ್ಲಿ ಇದ್ದದ್ದು ಕಾರ್ಖಾನೆಯಿಂದ ಬರುವಾಗ ಹಾಕಿದ್ದ ತಂತಿಗಳೇ. ಕೈ ಬಿಗಿಯಾಗಿದ್ದ ಕಾಲದಲ್ಲಿ ನಾವು ಹಳೆಯ ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸಿ ಒರೆಸಿ ಮತ್ತೆ ಹಾಕುತ್ತಿದ್ದೆವು. ಅಡುಗೆಮನೆಯಲ್ಲಿ ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ಒಂದೆರಡು ಕಾರ್ಯಕ್ರಮಗಳ ಮಟ್ಟಿಗೆ ಜೀವ ಬರುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ.

ಯಾವ ತಂತಿ ಎಂಬ ಪ್ರಶ್ನೆಯನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಇಂದು ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುವುದು ರೌಂಡ್‌ವೌಂಡ್, ಅಂದರೆ ದುಂಡು ತಂತಿಯನ್ನು ಸುತ್ತಿದ್ದು. ಅದರ ದನಿ ಮಿನುಗುತ್ತದೆ, ಬೆರಳು ಸರಿದಾಗ ಕೀರಲು ಸದ್ದೂ ಬರುತ್ತದೆ. ಚಪ್ಪಟೆ ಪಟ್ಟಿಯನ್ನು ಸುತ್ತಿದ ಫ್ಲಾಟ್‌ವೌಂಡ್ ತಂತಿಯಲ್ಲಿ ಆ ಮಿನುಗು ಕಡಿಮೆ, ಮೂಲ ಕಂಪನದ ಪಾಲು ಹೆಚ್ಚು. ಹಳೆಯ ಚಿತ್ರಗೀತೆಗಳನ್ನು ನುಡಿಸುವವರಿಗೆ, ಭಾವಗೀತೆಗೆ ಜೊತೆಯಾಗುವವರಿಗೆ ನಾನು ಅದನ್ನೇ ಹೇಳುತ್ತೇನೆ. ಬೆಲೆ ರೌಂಡ್‌ವೌಂಡ್‌ಗಿಂತ ಹೆಚ್ಚು, ನಿಜ, ಆದರೆ ಸಂದಿಗಳಿಲ್ಲದ್ದರಿಂದ ಕೊಳೆ ಕೂರದೆ ವರ್ಷಗಟ್ಟಲೆ ಬಾಳುತ್ತದೆ. ದಪ್ಪದ ವಿಷಯಕ್ಕೆ ಬಂದರೆ, ಸಾಮಾನ್ಯ ಸೆಟ್ಟು ಜಿ ತಂತಿಗೆ ಇಂಚಿನ ಸಾವಿರದ 45 ಭಾಗದಿಂದ ಆರಂಭವಾಗಿ ಇ ತಂತಿಗೆ 105 ಭಾಗದವರೆಗೆ ಹೋಗುತ್ತದೆ. 50ರಿಂದ 110ರ ಸೆಟ್ಟಿಗೆ ಹೋದರೆ ಬಿಗಿಯೂ ತೂಕವೂ ಹೆಚ್ಚುತ್ತವೆ, ಆದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ನಟ್ಟಿನ ಸೀಳನ್ನು ಅರದಿಂದ ಉಜ್ಜಿ ಅಗಲ ಮಾಡಬೇಕಾಗಬಹುದು, ಕತ್ತನ್ನಂತೂ ಮತ್ತೆ ಹೊಂದಿಸಲೇಬೇಕು. ಇನ್ನೊಂದು ಸಣ್ಣ ಮಾತು: ದುಂಡು ಸುತ್ತಿನ ತಂತಿಯನ್ನು ಕತ್ತರಿಸುವ ಮುನ್ನ ಆ ಜಾಗದಲ್ಲಿ ಚೂಪಾಗಿ ಬಗ್ಗಿಸಿಕೊಳ್ಳಬೇಕು. ಹಾಗೆ ಮಾಡದೆ ಕತ್ತರಿಸಿದರೆ ಒಳಗೆ ಸುತ್ತು ಸಡಿಲವಾಗಿ ಹೊಸ ತಂತಿಯೇ ಹಳೆಯದರಂತೆ ಮಂಕಾಗುತ್ತದೆ. ಅಂಗಡಿಯ ಹುಡುಗರು ಅವಸರದಲ್ಲಿ ಮಾಡುವ ತಪ್ಪು ಇದೇ.

ಎರಡನೆಯದು ವಾದ್ಯವನ್ನು ಹದಗೊಳಿಸುವುದು, ನುಡಿಸುವವರ ಮಾತಿನಲ್ಲಿ ಸೆಟಪ್. ತಂತಿ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್ಟುಗಳಿಗೆ ತೀರ ಹತ್ತಿರವಿದ್ದರೆ ಬೆರಳಿಗೆ ಸುಖ, ಆದರೆ ಬೇಸ್ ತಂತಿಯ ತೂಗಾಟ ದೊಡ್ಡದು. ಅದು ಮುಂದಿನ ಫ್ರೆಟ್ಟುಗಳಿಗೆ ತಾಗಿ ಜರಜರ ಎನ್ನುತ್ತದೆ, ಮೂಲ ಕಂಪನ ಅಲ್ಲಿಯೇ ಉಸಿರುಕಟ್ಟುತ್ತದೆ. 12ನೆಯ ಫ್ರೆಟ್ಟಿನ ಮೇಲೆ ಇ ತಂತಿಯ ಅಡಿಗೆ 2ರಿಂದ 2.5 ಮಿಲಿಮೀಟರ್ ಜಾಗ ಬಿಟ್ಟು ನೋಡಿ, ಅದೇ ಗಿಟಾರು ಎದೆ ತುಂಬಿ ಮಾತಾಡುತ್ತದೆ. ಕತ್ತಿನ ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಕತ್ತಿನ ಬಾಗನ್ನು ಹಿಡಿದಿಡುತ್ತದೆ. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ಏಳು-ಎಂಟನೆಯ ಫ್ರೆಟ್ಟಿನ ಮೇಲೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬೆಂಗಳೂರಿನ ಹವೆ ಹಿತವೆಂದು ನಾವು ಬೀಗುತ್ತೇವಾದರೂ ಮಾರ್ಚಿ-ಏಪ್ರಿಲಿನ ಒಣಗಾಳಿಗೂ ಜುಲೈನ ಜಡಿಮಳೆಗೂ ಮರ ಬೇರೆಬೇರೆಯಾಗಿಯೇ ಉತ್ತರಿಸುತ್ತದೆ. ವರ್ಷಕ್ಕೆ ಎರಡು ಬಾರಿ ನೋಡಿಕೊಳ್ಳುವುದು ಒಳ್ಳೆಯದು.

ಪಿಕಪ್ಪಿನ ಎತ್ತರವೂ ಇದೇ ಕೆಲಸದ ಭಾಗ. ಅದರ ಎರಡು ಬದಿಯ ಸ್ಕ್ರೂಗಳನ್ನು ತಿರುಗಿಸಿ ತಂತಿಗೆ ಹತ್ತಿರ ತಂದರೆ ದನಿ ದಪ್ಪವಾಗುತ್ತದೆ, ತೀರ ಹತ್ತಿರ ತಂದರೆ ಆಯಸ್ಕಾಂತವೇ ತಂತಿಯನ್ನು ಎಳೆದು ಶ್ರುತಿಯನ್ನು ಅಲುಗಿಸುತ್ತದೆ. ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದು ಅಳೆದಾಗ 2ರಿಂದ 3 ಮಿಲಿಮೀಟರ್ ಅಂತರ ನನಗೆ ಸರಿಬಂದಿದೆ. ಖರ್ಚು, ಒಂದು ಸ್ಕ್ರೂಡ್ರೈವರ್.

ಪಿಕಪ್ ಬದಲಿಸುವುದರ ಬಗೆಗೆ ನನ್ನ ಹಿಂಜರಿಕೆಗೆ ಸ್ವಂತ ಅನುಭವವೇ ಕಾರಣವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2006ರ ಗಣೇಶ ಹಬ್ಬಕ್ಕೆ ಮುಂಚೆ, ನಗರದ ಅಂಗಡಿಯೊಂದರಲ್ಲಿ ಎರಡು ಪಿಕಪ್ ಇರುವ ನನ್ನ ಜ್ಯಾಜ್ ಬೇಸ್ ಮಾದರಿಯ ಗಿಟಾರಿಗೆ 9 ಸಾವಿರ ರೂಪಾಯಿ ಕೊಟ್ಟು ಎರಡು ಹೊಸ ಪಿಕಪ್ ಹಾಕಿಸಿದೆ. ಒಂದೊಂದನ್ನೇ ಕೇಳಿದಾಗ ಸೊಗಸಾಗಿತ್ತು. ವೇದಿಕೆಯ ಮೇಲೆ ರೂಢಿಯಂತೆ ಎರಡರ ವಾಲ್ಯೂಮನ್ನೂ ಪೂರ್ತಿ ಏರಿಸಿದರೆ ದನಿ ತಗಡಿನ ಡಬ್ಬ ಬಡಿದಂತೆ ಬರುತ್ತಿತ್ತು, ತಳವೇ ಇಲ್ಲ. ಹಬ್ಬದ ಅಷ್ಟೂ ದಿನ ಆಂಪ್ಲಿಫೈಯರನ್ನು, ಕೇಬಲನ್ನು, ಮಿಕ್ಸರಿನಲ್ಲಿ ಕೂತ ಹುಡುಗನನ್ನು ಬೈದೆ. ಅಂಗಡಿಯವರು ‘ಒಳ್ಳೆಯ ಪಿಕಪ್ ಸಾರ್, ಪಳಗಬೇಕು’ ಎಂದರು, ಪಿಕಪ್ ಏನೋ ಹೊಸ ಚಪ್ಪಲಿ ಎಂಬಂತೆ. ಕೊನೆಗೆ ಎಸ್.ಪಿ. ರಸ್ತೆಯ ಸಂದಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ವಯಸ್ಸಾದವರೊಬ್ಬರ ಬಳಿ ಹೋದೆ. ಅವರು ಬೇಸ್ ಗಿಟಾರನ್ನು ಮೊದಲು ಕಂಡಿದ್ದೇ ಅಂದು. ಹಿಂಬದಿಯ ಮುಚ್ಚಳ ತೆಗೆಸಿ, ಎರಡು ಸುರುಳಿಗಳ ತಂತಿಗಳನ್ನು ನೋಡಿ, ಒಂದು ಪಿಕಪ್ಪಿನ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿ ಕೊಟ್ಟರು. ಒಂದರ ವಿದ್ಯುತ್ತು ಏರುವಾಗ ಇನ್ನೊಂದರದು ಇಳಿಯುವಂತೆ ಅಂಗಡಿಯಲ್ಲಿ ಜೋಡಿಸಿದ್ದರು. ಎರಡೂ ಸೇರಿದಾಗ ಕೆಳಗಿನ ಸ್ವರಗಳು ಪರಸ್ಪರ ಕಡಿದುಹೋಗಿ ಮೇಲಿನ ಕರ್ಕಶ ದನಿ ಮಾತ್ರ ಉಳಿಯುತ್ತಿತ್ತು. ಅವರು ತೆಗೆದುಕೊಂಡದ್ದು 50 ರೂಪಾಯಿ. ಆ ಸಂಜೆ ಕೇಳಿದ ನಾದವನ್ನು ಇಂದಿಗೂ ಮರೆತಿಲ್ಲ. ಅದರ ಅರ್ಧದಷ್ಟು ಹಳೆಯ ಪಿಕಪ್ಪಿನಲ್ಲಿಯೇ ಇತ್ತೆಂಬುದನ್ನು, ಬಿಚ್ಚಿಟ್ಟಿದ್ದ ಅವನ್ನು ಆಮೇಲೆ ಮತ್ತೆ ಜೋಡಿಸಿ ಕೇಳಿದಾಗ ಕಂಡುಕೊಂಡೆ. ಎರಡು ಪಿಕಪ್ ಇರುವ ವಾದ್ಯದವರು ಈ ಪರೀಕ್ಷೆಯನ್ನು ಇಂದೇ ಮಾಡಬಹುದು: ಒಂದನ್ನೇ ಏರಿಸಿ ಇ ತಂತಿ ಮೀಟಿ, ಬಳಿಕ ಎರಡನೆಯದನ್ನು ಕೂಡಿಸಿ, ತಳ ಕರಗಿಹೋದರೆ ಜೋಡಣೆ ತಿರುಗುಮುರುಗಾಗಿದೆ.

ಒಳಗಿನ ವಿದ್ಯುತ್ ಜೋಡಣೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಇ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಬರುವ ಜಿ ಸ್ವರ 49 ಹರ್ಟ್ಸ್. ವಾದ್ಯದ ಒಳಗೆ ಸರಿಯಾದ ರಕ್ಷಾಕವಚ ಇಲ್ಲದೆ ಆ ವಿದ್ಯುತ್ತಿನ ಹಮ್ ಸೇರಿದರೆ ಆ ಗುಂಯ್ ಸದ್ದು ನಾವು ನುಡಿಸುವ ಸ್ವರದ ಪಕ್ಕದಲ್ಲಿಯೇ ಕೂತು ಸೆಕೆಂಡಿಗೊಮ್ಮೆ ಅದನ್ನು ಜಗ್ಗುತ್ತದೆ. ಈಕ್ವಲೈಜರಿನಲ್ಲಿ ಹಮ್ಮನ್ನು ಕಡಿದರೆ ಸ್ವರವೂ ಕಡಿದಂತೆಯೇ. ಪಿಕಪ್ ಕೂರುವ ಗುಂಡಿಗೂ ವಾಲ್ಯೂಮ್, ಟೋನ್ ತಿರುಪುಗಳ ಒಳಗಿನ ಪಾಟ್‌ಗಳ ಗೂಡಿಗೂ ತಾಮ್ರದ ಅಂಟುಪಟ್ಟಿ ಹಚ್ಚಿ ಅದನ್ನು ಅರ್ತ್ ತಂತಿಗೆ ಬೆಸೆಯುವುದು, ಕುದುರೆಯ, ಅಂದರೆ ತಂತಿಗಳನ್ನು ಕೆಳತುದಿಯಲ್ಲಿ ಹೊತ್ತ ಬ್ರಿಡ್ಜಿನ, ಅಡಿಯಿಂದ ಬರುವ ಅರ್ತ್ ಗಟ್ಟಿಯಾಗಿದೆಯೇ ನೋಡುವುದು ಒಂದು ಮಧ್ಯಾಹ್ನದ ಕೆಲಸ. ಕರಕರ ಎನ್ನುವ ಪಾಟ್ ಇದ್ದರೆ ಆಗಲೇ ಬದಲಿಸಿಬಿಡಬಹುದು. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರಿಗೆ ಸಾಮಾನ್ಯವಾಗಿ 500. ಜ್ಯಾಜ್ ಬೇಸ್ ಮಾದರಿಯವರು ಇದೇ ಸಮಯದಲ್ಲಿ ಒಂದು ಪುಶ್-ಪುಲ್ ಪಾಟ್ ಹಾಕಿಸಿ ಎರಡು ಪಿಕಪ್‌ಗಳನ್ನು ಅಕ್ಕಪಕ್ಕದ ಬದಲು ಒಂದರ ಹಿಂದೆ ಒಂದರಂತೆ, ಅಂದರೆ ಸೀರೀಸ್‌ನಲ್ಲಿ ಜೋಡಿಸುವ ಅನುಕೂಲ ಮಾಡಿಕೊಂಡರೆ, ಗುಂಡಿಯನ್ನು ಮೇಲಕ್ಕೆಳೆದ ಕೂಡಲೇ ದನಿ ದೊಡ್ಡದಾಗಿ ಮಧ್ಯಭಾಗ ಉಬ್ಬಿ ನಿಲ್ಲುತ್ತದೆ. ಕೆಲವು ನೂರು ರೂಪಾಯಿಗಳಲ್ಲಿ ಆಗುವ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ, ಲೇಖನದಲ್ಲಿ ಇದರ ಸುಳಿವೇ ಇಲ್ಲ. ಅಷ್ಟೂ ಬೇಡವೆಂದರೆ ಎರಡರಲ್ಲಿ ಒಂದರ ವಾಲ್ಯೂಮನ್ನು ಕೂದಲೆಳೆಯಷ್ಟು ಇಳಿಸಿ ನೋಡಬಹುದು. ಎರಡೂ ಪೂರ್ತಿ ಏರಿದ್ದಾಗ ತಗ್ಗಿದ್ದ ಮಧ್ಯಭಾಗ ಸ್ವಲ್ಪ ಮರಳುತ್ತದೆ.

ಗಿಟಾರಿನಿಂದ ಹೊರಬಂದ ಮೇಲೆ ನಾದ ಹಾಳಾಗುವ ಬಗೆ ನಮ್ಮ ಊರಿನಲ್ಲಿ ಬಹಳ ಸಾಮಾನ್ಯವಾದದ್ದು. ಬಡಾವಣೆಯ ಕಾರ್ಯಕ್ರಮಗಳಲ್ಲಿ ಬೇಸ್‌ಗೆ ಪ್ರತ್ಯೇಕ ಆಂಪ್ಲಿಫೈಯರ್ ಇರುವುದು ಅಪರೂಪ. ಕೇಬಲನ್ನು ತಂದು ನೇರವಾಗಿ ಮಿಕ್ಸರಿನ ಲೈನ್ ತೂತಿಗೆ ಚುಚ್ಚುತ್ತಾರೆ. ಬ್ಯಾಟರಿ ಇಲ್ಲದ ಸಾದಾ ಪಿಕಪ್ ತನ್ನ ಮುಂದೆ ಸುಮಾರು 10 ಲಕ್ಷ ಓಮ್, ಅಂದರೆ 1 ಮೆಗಾ ಓಮ್ ತಡೆಯನ್ನು ಬಯಸುತ್ತದೆ. ಮಿಕ್ಸರಿನ ಲೈನ್ ಒಳಹರಿವು ಎಷ್ಟೋ ಬಾರಿ 10 ಸಾವಿರ ಓಮ್ ಆಸುಪಾಸಿನದು. ಆ ಭಾರಕ್ಕೆ ಪಿಕಪ್ ಕುಸಿದು ದನಿಯ ಮಟ್ಟ ಇಳಿಯುತ್ತದೆ, ಮೇಲಿನ ಹಾರ್ಮೋನಿಕ್‌ಗಳು ಅಳಿದು ಉಳಿಯುವುದು ಮಂಕು ಗುಡುಗು. ನಡುವೆ ಡಿ.ಐ. ಬಾಕ್ಸ್ ಎಂಬ, ಪಿಕಪ್ಪಿನ ದನಿಯನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಸಣ್ಣ ಪೆಟ್ಟಿಗೆಯನ್ನು ಇಟ್ಟರೆ ಈ ತೊಂದರೆ ಇಲ್ಲ. ನಾನು ಕೊನೆಯ ಹತ್ತು ವರ್ಷ ಅದನ್ನು ಗಿಟಾರಿನ ಚೀಲದಲ್ಲಿಯೇ ಇಟ್ಟುಕೊಂಡು ತಿರುಗಿದೆ. ಪೆಂಡಾಲಿಗೆ ಸೀರಿಯಲ್ ಸೆಟ್ಟಿನ ದೀಪಕ್ಕೆ ಧಾರಾಳವಾಗಿ ಸುರಿಯುವ ಸಂಘಟಕರು ಧ್ವನಿವರ್ಧಕದವರಿಂದ ಒಂದು ಡಿ.ಐ. ಬಾಕ್ಸ್ ಕೇಳಿ ಪಡೆದರೆ ಆರ್ಕೆಸ್ಟ್ರಾದ ನಾದವೇ ಬದಲಾಗುತ್ತದೆ.

ಕೈಯ ವಿಷಯವನ್ನು ಲೇಖನ ಬಿಟ್ಟೇಬಿಟ್ಟಿದೆ. ಕುದುರೆಯ ಹತ್ತಿರ ಮೀಟಿದರೆ ದನಿ ಬಿಗಿ, ಚೂಪು. ಕತ್ತು ಮುಗಿಯುವ ಜಾಗಕ್ಕೆ ಸರಿದು ಬೆರಳಿನ ಮಾಂಸಲ ಭಾಗದಿಂದ ಮೀಟಿದರೆ ಅದೇ ತಂತಿ ಉಂಡೆಯಾಗಿ ಉರುಳುತ್ತದೆ. ವೀಣೆ ನುಡಿಸುವವರಿಗೆ ಇದು ಮೊದಲ ವರ್ಷದ ಪಾಠ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನಲ್ಲಿ ಕುದುರೆಯನ್ನು ಮುಚ್ಚುವ ಲೋಹದ ಮುಚ್ಚಳದ ಒಳಗೆ ತಂತಿಯ ಝೇಂಕಾರವನ್ನು ಕುಗ್ಗಿಸುವ ಮೆತ್ತೆ ಇರುತ್ತಿತ್ತು. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ ತೆಗೆದ ತುಂಬು ನಾದವನ್ನು ಇಂದಿಗೂ ಜಗತ್ತಿನ ಬೇಸ್ ವಾದಕರು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಅವರ ಬಳಿ ಇದ್ದದ್ದು 1962ರ ಅಂಥದೇ ಒಂದು ವಾದ್ಯ, ಹಳೆಯ ಫ್ಲಾಟ್‌ವೌಂಡ್ ತಂತಿ ಮತ್ತು ಬಲಗೈಯ ಒಂದು ತೋರುಬೆರಳು. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಬೆರಳಗಲ ಕತ್ತರಿಸಿ ಕುದುರೆಯ ಪಕ್ಕದಲ್ಲಿ ತಂತಿಗಳ ಅಡಿಗೆ ಸಿಕ್ಕಿಸಿ ನೋಡಿ. ಹತ್ತು ರೂಪಾಯಿಯ ಈ ಪ್ರಯೋಗಕ್ಕೆ ನನ್ನ ಸೋದರಳಿಯ ಮೊದಲು ನಕ್ಕ, ಆಮೇಲೆ ಆ ಸ್ಪಂಜನ್ನು ಒಂದು ವಾರ ತೆಗೆಯಲೇ ಇಲ್ಲ.

ಇಷ್ಟರ ನಂತರವೂ ತೃಪ್ತಿ ಇಲ್ಲದಿದ್ದರೆ ಆಗ ಪಿಕಪ್ಪಿನ ಮಾತು. ಅಗ್ಗದ ವಾದ್ಯಗಳ ಪಿಕಪ್ಪಿಗಿಂತ ಚೆನ್ನಾಗಿ ಸುತ್ತಿದ ಪಿಕಪ್ ಮೇಲೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸುತ್ತು ಹೆಚ್ಚಿದಷ್ಟೂ ದನಿಯ ಮಧ್ಯಭಾಗ ಗಟ್ಟಿಯಾಗಿ ಮೇಲಿನ ಮಿನುಗು ತಗ್ಗುತ್ತದೆ ಎಂಬುದನ್ನು ನೆನಪಿಟ್ಟು ಆರಿಸಿಕೊಳ್ಳಬೇಕು. ಕೊಳ್ಳುವ ಮುನ್ನ ಹಳೆಯದನ್ನು ಸ್ಕೇಲಿನಿಂದ ಅಳೆಯಬೇಕು. ಜ್ಯಾಜ್ ಬೇಸ್‌ನಲ್ಲಿ ಕುದುರೆ ಬದಿಯ ಪಿಕಪ್ ಕತ್ತಿನ ಬದಿಯದಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಉದ್ದ, ಕೆಲವು ಅಗ್ಗದ ವಾದ್ಯಗಳಲ್ಲಿ ಎರಡೂ ಸಮ. ಗೊತ್ತಿಲ್ಲದೆ ತರಿಸಿದರೆ ಮರ ಕೊರೆಸಬೇಕಾಗುತ್ತದೆ. 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ ಅನುಕೂಲದ ವಸ್ತು, ವಿಶೇಷವಾಗಿ ಮಧ್ಯಭಾಗಕ್ಕೂ ತಿರುಪು ಇರುವಂಥದ್ದು. ಆದರೆ ಮೂಲದಲ್ಲಿ ಇಲ್ಲದ್ದನ್ನು ಅದು ಹುಟ್ಟಿಸಲಾರದು, ಮತ್ತು ಕೇಬಲನ್ನು ಕಳಚದೆ ಬಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಭಾರವಾದ ಹಿತ್ತಾಳೆಯ ಕುದುರೆ, ಮೂಳೆಯ ನಟ್ಟು, ಇವುಗಳಿಂದ ಬರುವ ಅಂತರ ನನ್ನ ಕಿವಿಗೆ ಅಲ್ಪ. ನಟ್ಟಂತೂ ಒತ್ತದ ತಂತಿಗೆ ಮಾತ್ರ ಸಂಬಂಧಿಸಿದ್ದು. ಇನ್ನು ಮರದ ವಾದಕ್ಕೆ ನಾನು ಇಳಿಯುವುದಿಲ್ಲ. ಜಗತ್ತಿನ ಎಷ್ಟೋ ಗಿಟಾರುಗಳ ಬೆರಳುಹಲಗೆ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯದೇ ಎಂಬ ಹೆಮ್ಮೆ ಮಾತ್ರ ಇದೆ.

ಲೇಖನದಲ್ಲಿನ ಒಂದು ತಪ್ಪನ್ನು ಮಾತ್ರ ಪತ್ರಿಕೆ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಟೋನ್ ಪಾಟ್‌ನಲ್ಲಿರುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ತೆಗೆದು 0.1 ಮೈಕ್ರೋಫ್ಯಾರಡ್‌ನದನ್ನು ಹಾಕಿದರೆ ‘ಬೇಸ್ ಎರಡರಷ್ಟಾಗುತ್ತದೆ’ ಎಂದು ಅದರಲ್ಲಿದೆ. ಕೆಪಾಸಿಟರು ಏನನ್ನೂ ಕೂಡಿಸುವುದಿಲ್ಲ. ಟೋನ್ ತಿರುಪನ್ನು ಇಳಿಸಿದಾಗ ಮೇಲಿನ ಸ್ವರಾಂಶಗಳನ್ನು ಅರ್ತಿಗೆ ಹರಿಸಿಬಿಡುತ್ತದೆ, ದೊಡ್ಡದಾದಷ್ಟೂ ಇನ್ನೂ ಕೆಳಗಿನಿಂದ ಹರಿಸುತ್ತದೆ. ತಿರುಪು ಪೂರ್ತಿ ತೆರೆದಿದ್ದಾಗ ಎರಡಕ್ಕೂ ಕೇಳುವ ಅಂತರ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಓದುಗರಲ್ಲಿ ಕೆಲವರಾದರೂ ಈ ವಾರಾಂತ್ಯ ಬೆಸುಗೆ ಕಡ್ಡಿ ಹಿಡಿದು ಕೂತಿರಬಹುದಾದ್ದರಿಂದ ಈ ತಿದ್ದುಪಡಿ ಬೇಗ ಬಂದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ ಹಾಗೂ ನಿವೃತ್ತ ಬೇಸ್ ವಾದಕ
ಹನುಮಂತನಗರ, ಬೆಂಗಳೂರು